ದಿನಕ್ಕೆಷ್ಟು ಬಿತ್ತು? ಮೊಬೈಲ್ ಪ್ಯಾಕಿನ ಲೆಕ್ಕ

ಜಿಯೊದ ಎರಡು ಪ್ರೀಪೇಯ್ಡ್ ಪ್ಯಾಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದಕ್ಕೆ 299 ರೂಪಾಯಿ, ಇನ್ನೊಂದಕ್ಕೆ 319. ಎರಡರಲ್ಲೂ ದಿನಕ್ಕೆ ಒಂದೂವರೆ ಜಿಬಿ ಡೇಟಾ, ಎರಡರಲ್ಲೂ ಕರೆಗಳಿಗೆ ಮಿತಿಯಿಲ್ಲ. ಯಾವುದು ಅಗ್ಗ? ಕರೆನ್ಸಿ ಹಾಕಿಸಲು ಬಂದವರಲ್ಲಿ ಹೆಚ್ಚಿನವರು 299 ಕೊಟ್ಟು, ಇಪ್ಪತ್ತು ರೂಪಾಯಿ ಉಳಿಯಿತೆಂದು ಹೊರಟುಬಿಡುತ್ತಾರೆ. ಅಗ್ಗದ್ದು 319.

299ರ ಪ್ಯಾಕು ನಡೆಯುವುದು 28 ದಿನ. ವರ್ಷ ದಾಟಬೇಕಾದರೆ ಅದನ್ನು ಹದಿಮೂರು ಸಲ ಹಾಕಿಸಬೇಕು: 3,887 ರೂಪಾಯಿ. ಅಷ್ಟು ಕೊಟ್ಟರೂ ಸಿಗುವುದು 364 ದಿನ, ಒಂದು ದಿನ ಖೋತಾ. 319ರದ್ದು ಕ್ಯಾಲೆಂಡರಿನ ತಿಂಗಳು. ಜನವರಿ 5ಕ್ಕೆ ಹಾಕಿಸಿದರೆ ಮತ್ತೆ ಹಾಕಿಸುವುದು ಫೆಬ್ರವರಿ 5ಕ್ಕೆ, ಆಮೇಲೆ ಮಾರ್ಚ್ 5ಕ್ಕೆ. ವರ್ಷಕ್ಕೆ ಹನ್ನೆರಡೇ ಸಲ, 3,828 ರೂಪಾಯಿ. ಉಳಿಯುವುದು ಬರೀ 59 ರೂಪಾಯಿ, ನಿಜ. ಆದರೆ ಹೆಚ್ಚು ಬೆಲೆಯ ಚೀಟಿ ಅಂಟಿಸಿಕೊಂಡದ್ದೇ ಕಡಿಮೆ ಖರ್ಚಿನದು ಎಂದರೆ, ಬೆಲೆ ಒಂದನ್ನೇ ನೋಡಿ ಆರಿಸುವ ನಮ್ಮ ರೂಢಿಯಲ್ಲಿ ಏನೋ ಐಬಿದೆ.

28 ದಿನದ ಈ ‘ತಿಂಗಳು’ ಕಂಪನಿಗಳಿಗೆ ವರ್ಷಕ್ಕೊಂದು ಕಂತನ್ನು ಸದ್ದಿಲ್ಲದೆ ಹೆಚ್ಚಿಗೆ ತಂದುಕೊಡುತ್ತದೆ. ಗ್ರಾಹಕರು ಗೊಣಗುತ್ತಲೇ ಇದ್ದರು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2022ರ ಜನವರಿಯಲ್ಲಿ ಒಂದು ಆದೇಶ ಹೊರಡಿಸಿತು. 30 ದಿನದ ಒಂದಾದರೂ ಪ್ಯಾಕು, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವಂಥ ಒಂದಾದರೂ ಪ್ಯಾಕು ಪ್ರತಿ ಕಂಪನಿಯಲ್ಲೂ ಇರಲೇಬೇಕು ಎಂದಿತು. ಇದ್ದರೆ ಸಾಕು ಎಂದಿತೇ ಹೊರತು ಅದನ್ನು ಎದ್ದುಕಾಣುವಂತೆ ಇಡಬೇಕು ಎನ್ನಲಿಲ್ಲ. ಹಾಗಾಗಿ ಇಂದಿಗೂ ಆ್ಯಪ್ ತೆರೆದ ಕೂಡಲೇ ಕಣ್ಣಿಗೆ ಬೀಳುವುದು 28, 56, 84ರ ಮಗ್ಗಿಯೇ.

ಇಲ್ಲಿ ಬಳಸಿರುವ ದರಗಳು 2024ರ ಜುಲೈ ಏರಿಕೆಯಿಂದ 2025ರ ಮೊದಲ ತಿಂಗಳುಗಳವರೆಗಿನವು. ದರ ಬದಲಾಗುತ್ತಲೇ ಇರುತ್ತದೆ. ಲೆಕ್ಕ ಹಾಕುವ ಬಗೆ ಬದಲಾಗುವುದಿಲ್ಲ.

ಮೊದಲ ಲೆಕ್ಕ ಸರಳ: ಬೆಲೆಯನ್ನು ದಿನಗಳಿಂದ ಭಾಗಿಸಿ. 299ರ ಪ್ಯಾಕು ದಿನಕ್ಕೆ 10 ರೂ. 68 ಪೈಸೆ ಬೀಳುತ್ತದೆ. ಅಷ್ಟೇ ಡೇಟಾದ 84 ದಿನದ 799ರ ಪ್ಯಾಕು 9 ರೂ. 51 ಪೈಸೆ. ದಿನಕ್ಕೆ ಎರಡೂವರೆ ಜಿಬಿ ಕೊಡುವ ವಾರ್ಷಿಕ 3,599ರ ಪ್ಯಾಕು 9 ರೂ. 86 ಪೈಸೆ. ವಿಚಿತ್ರ ನೋಡಿ: ವರ್ಷದ್ದನ್ನು ಒಟ್ಟಿಗೆ ಹಾಕಿಸಿದವರಿಗೆ 28 ದಿನದವರಿಗಿಂತ ದಿನಕ್ಕೆ ಒಂದು ಜಿಬಿ ಹೆಚ್ಚು ಸಿಗುತ್ತದೆ, ಕೊಡುವ ಹಣವೂ ಅವರಿಗಿಂತ ಕಡಿಮೆ. ಆದರೆ ಮೂರೂವರೆ ಸಾವಿರ ರೂಪಾಯಿಯನ್ನು ಒಂದೇ ಸಲಕ್ಕೆ ಎತ್ತಿಡಬಲ್ಲವರಿಗೆ ಮಾತ್ರ ಈ ಸವಲತ್ತು. ವಾರದ ಬಟವಾಡೆ ನಂಬಿ ಬದುಕುವ ಗಾರೆ ಕೆಲಸದವರು ಚಿಕ್ಕ ಪ್ಯಾಕನ್ನೇ ಹಾಕಿಸುತ್ತಾರೆ, ದಿನದ ಲೆಕ್ಕದಲ್ಲಿ ದುಬಾರಿಯದನ್ನೇ ಕೊಳ್ಳುತ್ತಾರೆ. ಬಡವರಿಗೆ ಎಲ್ಲ ಸಾಮಾನೂ ತುಸು ತುಟ್ಟಿಯಾಗಿಯೇ ಸಿಗುವ ಹಳೆಯ ನಿಯಮ ಮೊಬೈಲಿಗೂ ಅನ್ವಯ.

ದಿನದ ಲೆಕ್ಕವೇ ಏಕೆ ಮೊದಲು? ಏಕೆಂದರೆ ಕಂಪನಿಗಳು ಈಗ ನಿಜವಾಗಿ ಮಾರುತ್ತಿರುವುದು ದಿನಗಳನ್ನು. ಹಿಂದೆ ಹೀಗಿರಲಿಲ್ಲ. 1995ರಲ್ಲಿ ಭಾರತಕ್ಕೆ ಮೊಬೈಲ್ ಬಂದಾಗ ನಿಮಿಷಗಳನ್ನು ಮಾರುತ್ತಿದ್ದರು; ಕರೆ ಮಾಡಿದವರೂ ತೆರಬೇಕು, ಎತ್ತಿಕೊಂಡವರೂ ತೆರಬೇಕು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಆಮೇಲೆ ‘ಲೈಫ್‌ಟೈಮ್’ ಸಿಮ್ ಬಂತು. ಕರೆನ್ಸಿ ಖಾಲಿಯಾದರೂ ಫೋನು ರಿಂಗಾಗುತ್ತಿತ್ತು. ಮಿಸ್ಡ್ ಕಾಲ್ ಕೊಟ್ಟು ‘ಬಸ್ಸು ಇಳಿದೆ’ ಎಂದು ಬಿಡಿಗಾಸಿಲ್ಲದೆ ಸುದ್ದಿ ಮುಟ್ಟಿಸುವ ಕಲೆಯಲ್ಲಿ ಇಡೀ ದೇಶ ಪಳಗಿತು. ಅಂಥ ಗ್ರಾಹಕರಿಂದ ಕಂಪನಿಗೆ ಹುಟ್ಟುವುದೇನೂ ಇಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಎಲ್ಲವನ್ನೂ ಪುಕ್ಕಟೆ ಹಂಚುತ್ತ ಬಂದ ಮೇಲೆ ಹಳೆಯ ಕಂಪನಿಗಳ ಉಸಿರು ಕಟ್ಟಿತು. 2018ರ ಕೊನೆಗೆ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ, ನಂಬರು ನಡೆಯುತ್ತಿರಬೇಕಾದರೆ 28 ದಿನಕ್ಕೊಮ್ಮೆ 35 ರೂಪಾಯಿಯಾದರೂ ಹಾಕಿಸಬೇಕು ಎಂದವು. ಬಳಸಲಿ ಬಿಡಲಿ, ಜಾಲದೊಳಗೆ ಇರುವುದಕ್ಕೇ ಗೇಟಿನ ಚೀಟಿ ಶುರುವಾದದ್ದು ಅಲ್ಲಿಂದ. ಏರ್‌ಟೆಲ್‌ನ ಈ ಕನಿಷ್ಠ ದರ 2021ರ ನವೆಂಬರಿಗೆ 99 ಆಯಿತು, 2023ರ ಆರಂಭಕ್ಕೆ ಕರ್ನಾಟಕದಲ್ಲಿ 155, 2024ರ ಜುಲೈಗೆ 199. ವರ್ಷದ ಲೆಕ್ಕದಲ್ಲಿ 455 ರೂಪಾಯಿಯಿಂದ 2,587 ರೂಪಾಯಿಗೆ. ಕೊನೆಯ ಪ್ಯಾಕಿನಲ್ಲಿ ಮಿತಿಯಿಲ್ಲದ ಕರೆ, ಎರಡು ಜಿಬಿ ಡೇಟಾ ಸೇರಿವೆ, ಮೊದಲಿನದರಲ್ಲಿ ಅವು ಇರಲಿಲ್ಲ ಎನ್ನುವುದನ್ನೂ ಹೇಳಬೇಕು. ಆದರೆ ಮಗಳ ಫೋನು ಬಂದಾಗ ಎತ್ತುವುದಕ್ಕೆ ಮಾತ್ರ ಕೀಪ್ಯಾಡ್ ಮೊಬೈಲು ಇಟ್ಟುಕೊಂಡ ಅಜ್ಜಿಗೆ ಆ ಎರಡು ಜಿಬಿಯಿಂದ ಆಗಬೇಕಾದ್ದೇನು?

ಈ ಪ್ರಶ್ನೆಯನ್ನು ಟ್ರಾಯ್ ಕೂಡ ಕೇಳಿತು. 2024ರ ಡಿಸೆಂಬರಿನಲ್ಲಿ, ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕುಗಳನ್ನು ಕೊಡಲೇಬೇಕೆಂದು ನಿಯಮ ಮಾಡಿತು. ಮುಂದೆ ನಡೆದದ್ದು ಈ ವ್ಯಾಪಾರದ ಒಳಗುಟ್ಟನ್ನೇ ಬಿಚ್ಚಿಟ್ಟಿತು. ಏರ್‌ಟೆಲ್‌ನಲ್ಲಿ 24 ಜಿಬಿ ಸಹಿತ ವರ್ಷದ ಪ್ಯಾಕಿಗೆ 1,999 ಇತ್ತು. ಡೇಟಾ ತೆಗೆದು ಮೊದಲು ಇಟ್ಟ ಬೆಲೆ 1,959. ಟ್ರಾಯ್ ಪರಿಶೀಲಿಸುತ್ತೇವೆ ಎಂದ ಮೇಲೆ ಅದು 1,849ಕ್ಕೆ ಇಳಿಯಿತು. ಅಂದರೆ ಡೇಟಾ ಬೇಡವೇ ಬೇಡ ಎಂದವರಿಗೆ ವರ್ಷಕ್ಕೆ ಸಿಕ್ಕ ರಿಯಾಯಿತಿ 150 ರೂಪಾಯಿ. ಎರಡು ಸಾವಿರದ ಪ್ಯಾಕಿನಲ್ಲಿ ಡೇಟಾದ ಪಾಲು ಇಷ್ಟೇ ಆದರೆ, ಉಳಿದದ್ದೆಲ್ಲ ಜಾಲದೊಳಗೆ ಇರಲು ತೆರುವ ದಿನಬಾಡಿಗೆ.

ಹಾಗೆಂದು ಆ ಪ್ಯಾಕು ನಿರುಪಯೋಗಿಯಲ್ಲ. ತಿಂಗಳು ತಿಂಗಳು 199 ಹಾಕಿಸುತ್ತಿದ್ದ ಅಜ್ಜಿಯ ನಂಬರಿಗೆ ಒಮ್ಮೆ 1,849 ಹಾಕಿಸಿಬಿಟ್ಟರೆ ವರ್ಷಕ್ಕೆ 738 ರೂಪಾಯಿ ಉಳಿಯುತ್ತದೆ, ದಿನಕ್ಕೆ ಐದು ರೂಪಾಯಿ ಚಿಲ್ಲರೆ ಬೀಳುತ್ತದೆ. ಬ್ಯಾಂಕಿನ ಓಟಿಪಿಗೆಂದು ಜೀವ ಹಿಡಿಸಿಟ್ಟ ಎರಡನೇ ಸಿಮ್ಮಿಗೂ ಇದೇ ಸರಿ. ಪಟ್ಟಿಯ ತಳದಲ್ಲೆಲ್ಲೋ ಅಡಗಿರುತ್ತದೆ, ಹುಡುಕಿ ತೆಗೆಯಬೇಕು.

ಈಗ ಡೇಟಾಕ್ಕೆ ಬರೋಣ. ಜಾಹೀರಾತು ಹೇಳುವ ಲೆಕ್ಕ ಜಿಬಿಗೆ ಎಷ್ಟು ಎಂಬುದು. ಜಿಯೊದ 299ರಲ್ಲಿ ಒಟ್ಟು 42 ಜಿಬಿ, ಅಂದರೆ ಜಿಬಿಗೆ ಸುಮಾರು 7 ರೂಪಾಯಿ. ಕೇಳಲು ಸೊಗಸು. ಆದರೆ ದಿನದ ಕೋಟಾ ದಿನಕ್ಕೇ ಮುಗಿಯಿತು, ರಾತ್ರಿ ಹನ್ನೆರಡಕ್ಕೆ ಉಳಿದದ್ದೆಲ್ಲ ಆವಿ. ವಾಟ್ಸ್ಆ್ಯಪ್, ಒಂದಿಷ್ಟು ಯೂಟ್ಯೂಬ್, ಯುಪಿಐ ಪಾವತಿ, ಇಷ್ಟಕ್ಕೆ ದಿನಕ್ಕೆ 400 ಎಂಬಿ ಬಳಸುವವರು 28 ದಿನದಲ್ಲಿ ಖರ್ಚು ಮಾಡುವುದು ಹನ್ನೊಂದು ಜಿಬಿ ಚಿಲ್ಲರೆ. ಅವರ ಪಾಲಿಗೆ ಜಿಬಿಯ ನಿಜವಾದ ಬೆಲೆ 26 ರೂಪಾಯಿ ದಾಟುತ್ತದೆ. ನಿಮ್ಮದು ಎಷ್ಟೆಂದು ಊಹಿಸಬೇಕಾಗಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆಯ ಪುಟವಿದೆ. ಹೋದ ತಿಂಗಳು ಯಾವ ಆ್ಯಪ್ ಎಷ್ಟು ತಿಂದಿತೆಂದು ಅದು ತೋರಿಸುತ್ತದೆ. ಮನೆಗೆ ವೈಫೈ ಹಾಕಿಸಿಕೊಂಡ ಮೇಲೂ ನಾಲ್ಕೂ ಫೋನಿಗೆ ಹಳೆಯ ಪ್ಯಾಕನ್ನೇ ಮುಂದುವರಿಸುವ ಮನೆಗಳು ಬೇಕಾದಷ್ಟಿವೆ. ಒಂದೇ ನೀರಿಗೆ ಎರಡೆರಡು ಬಿಲ್ಲು ಕಟ್ಟಿದಂತೆ.

ಉಲ್ಟಾ ಸಮಸ್ಯೆಯೂ ಇದೆ. ಕೋಟಾ ಮುಗಿದಾಗ ವೇಗ 64 ಕೆಬಿಪಿಎಸ್‌ಗೆ ಬೀಳುತ್ತದೆ; ಆ ವೇಗದಲ್ಲಿ ಒಂದು ಫೋಟೊ ತೆರೆಯುವಷ್ಟರಲ್ಲಿ ತಾಳ್ಮೆ ಮುಗಿಯುತ್ತದೆ. ಆಗ 19 ರೂಪಾಯಿಗೆ ಒಂದು ಜಿಬಿಯ ಟಾಪ್ ಅಪ್ ಹಾಕಿಸುತ್ತೇವೆ. ತಿಂಗಳಿಗೆ ಮೂರು ಸಲ ಹಾಗೆ ಮಾಡಿದರೆ 57 ರೂಪಾಯಿ. ದಿನಕ್ಕೆ ಎರಡು ಜಿಬಿಯ ಪ್ಯಾಕು ಇರುವುದು ಬರೀ 50 ರೂಪಾಯಿ ಮೇಲೆ, 349ಕ್ಕೆ. ಜೊತೆಗೆ ಇನ್ನೊಂದು ಮಾತು: 2024ರ ಏರಿಕೆಯ ನಂತರ ಜಿಯೊದಲ್ಲಿ ಮಿತಿಯಿಲ್ಲದ 5ಜಿ ಸಿಗುವುದು ದಿನಕ್ಕೆ ಎರಡು ಜಿಬಿ ಅಥವಾ ಹೆಚ್ಚಿನ ಪ್ಯಾಕುಗಳಲ್ಲಿ ಮಾತ್ರ. 5ಜಿ ಫೋನು, ಮನೆಯಲ್ಲಿ 5ಜಿ ಸಿಗ್ನಲ್ ಎರಡೂ ಇದ್ದವರಿಗೆ ಆ ಐವತ್ತು ರೂಪಾಯಿ ಸಾರ್ಥಕ. ಎರಡರಲ್ಲಿ ಒಂದಿಲ್ಲದಿದ್ದರೂ ದಂಡ.

ಪೋಸ್ಟ್‌ಪೇಯ್ಡ್ ಬಗ್ಗೆ ಒಂದೇ ಎಚ್ಚರಿಕೆ ಸಾಕು. ಪ್ರೀಪೇಯ್ಡ್ ಬೆಲೆಯೊಳಗೆ ಶೇಕಡಾ 18 ಜಿಎಸ್‌ಟಿ ಸೇರಿರುತ್ತದೆ, ಪೋಸ್ಟ್‌ಪೇಯ್ಡ್ ಜಾಹೀರಾತಿನಲ್ಲಿ ಸೇರಿರುವುದಿಲ್ಲ. 449 ಎಂದು ಬರೆದದ್ದು ಬಿಲ್ಲಿನಲ್ಲಿ 529 ರೂ. 82 ಪೈಸೆಯಾಗಿ ಬರುತ್ತದೆ.

ಇನ್ನು ಫೋನು ಮತ್ತು ಪ್ಯಾಕು ಒಟ್ಟಿಗೇ ಕಂತಿನಲ್ಲಿ ಬರುವ ಕರಾರು. ಅಮೆರಿಕ, ಬ್ರಿಟನ್ನಿನಲ್ಲಿ ಮನೆಮಾತಾದ ಈ ಪದ್ಧತಿ ನಮ್ಮಲ್ಲಿ ಬೇರೂರಲಿಲ್ಲ. ಪ್ರಯತ್ನವೇನೋ ಜೋರಾಗಿಯೇ ಆಯಿತು. 2003ರ ಮಳೆಗಾಲದಲ್ಲಿ ರಿಲಯನ್ಸ್ ಇನ್ಫೋಕಾಂ ‘ಮಾನ್ಸೂನ್ ಹಂಗಾಮಾ’ ಎಂದು 501 ರೂಪಾಯಿಗೆ ಫೋನು ಕೈಗಿಟ್ಟು, ಉಳಿದದ್ದನ್ನು ತಿಂಗಳ ಕಂತಿನಲ್ಲಿ ಕಟ್ಟಿ ಎಂದಿತು. ಜನ ಮುಗಿಬಿದ್ದರು. ಎಷ್ಟೋ ಮಂದಿ ಫೋನು ಒಯ್ದವರು ಕಂತಿನ ಕಡೆ ತಿರುಗಿ ನೋಡಲಿಲ್ಲ. ಕಂಪನಿ ಬಾಕಿಯನ್ನು ಕೈಬಿಡಬೇಕಾಯಿತು. ಸಾಲದ ಇತಿಹಾಸ ನೋಡಿ ಅಳೆಯುವ ವ್ಯವಸ್ಥೆ ಆಗಿನ್ನೂ ಕಾಲೂರಿರಲಿಲ್ಲ. ಮುಂಗಡ ಹಣದ ಪ್ರೀಪೇಯ್ಡ್ ಗೆದ್ದಿತು.

ಇಂಥ ಕರಾರನ್ನು ಅಳೆಯುವ ದಾರಿ ಒಂದೇ. ಒಟ್ಟು ಕಟ್ಟುವ ಹಣದಿಂದ ಫೋನಿನ ಅಂಗಡಿ ಬೆಲೆ ಕಳೆಯಿರಿ, ಉಳಿದದ್ದನ್ನು ತಿಂಗಳುಗಳಿಂದ ಭಾಗಿಸಿ. 2013ರಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸ್ ಐಫೋನ್ 5ಎಸ್ ಅನ್ನು ತಿಂಗಳಿಗೆ 2,999ರಂತೆ 24 ತಿಂಗಳ ಕರಾರಿನಲ್ಲಿ ಕೊಟ್ಟಿತು. ಒಟ್ಟು 71,976. ಫೋನಿನ ಬೆಲೆ 53,500. ವ್ಯತ್ಯಾಸ 18,476, ತಿಂಗಳಿಗೆ 770 ರೂಪಾಯಿ. ಮಿತಿಯಿಲ್ಲದ ಕರೆ ಮತ್ತು ಡೇಟಾಕ್ಕೆ ಅಂದಿನ ಕಾಲದಲ್ಲಿ ಅದು ನಿಜಕ್ಕೂ ಅಗ್ಗ, ಬಡ್ಡಿಯೂ ಇಲ್ಲದಂತೆಯೇ. ಕ್ರೆಡಿಟ್ ಕಾರ್ಡ್ ಇದ್ದವರಿಗಷ್ಟೇ ದೊರೆತ ಭಾಗ್ಯ. ಇನ್ನೊಂದು ತುದಿಗೆ 2021ರ ದೀಪಾವಳಿಗೆ ಬಂದ ಜಿಯೊಫೋನ್ ನೆಕ್ಸ್ಟ್ ನೋಡಿ. ನಗದಿಗೆ 6,499. ಕಂತಿನಲ್ಲಾದರೆ 1,999 ಮುಂಗಡ, 501 ಪ್ರೊಸೆಸಿಂಗ್ ಶುಲ್ಕ, ತಿಂಗಳಿಗೆ 300ರಂತೆ 24 ಕಂತು, ಒಟ್ಟು 9,700. ಫೋನಿನ ಬೆಲೆ ಕಳೆದರೆ ತಿಂಗಳಿಗೆ 133 ರೂಪಾಯಿ. ಅದಕ್ಕೆ ಸಿಕ್ಕಿದ್ದು ತಿಂಗಳಿಗೆ 5 ಜಿಬಿ, 100 ನಿಮಿಷ ಮಾತು. ಕೃಷಿ ಕೂಲಿಗೆ ಹೋಗುವ ಮನೆಯಲ್ಲಿ ನೂರು ನಿಮಿಷ ತಿಂಗಳ ಮೊದಲ ವಾರಕ್ಕೇ ಮುಗಿದೀತು. ಆಮೇಲಿನ ಖರ್ಚು ಬೇರೆ.

ಈಗ ಕರಾರಿನ ಜಾಗವನ್ನು ಫೈನಾನ್ಸ್ ಕಂಪನಿಗಳ ‘ನೋ ಕಾಸ್ಟ್ ಇಎಂಐ’ ತುಂಬಿದೆ. ಶೂನ್ಯ ಬಡ್ಡಿ ಎಂಬುದೊಂದು ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಅಂಗಡಿಯವರು ಬಡ್ಡಿಯಷ್ಟೇ ರಿಯಾಯಿತಿ ತೋರಿಸಿ ಸರಿದೂಗಿಸುತ್ತಾರೆ. ಪ್ರೊಸೆಸಿಂಗ್ ಶುಲ್ಕವಿದ್ದರೆ ಅದು ನಿಮ್ಮ ತಲೆಗೆ, ಕ್ರೆಡಿಟ್ ಕಾರ್ಡಾದರೆ ಆ ಬಡ್ಡಿಯ ಮೇಲಿನ ಜಿಎಸ್‌ಟಿ ಕೂಡ. ‘ನಗದು ಕೊಟ್ಟರೆ ಎಷ್ಟಕ್ಕೆ ಕೊಡ್ತೀರಿ?’ ಎಂದು ಮೊದಲು ಕೇಳಿ, ಆಮೇಲೆ ಕಂತಿನ ಮಾತು ಎತ್ತಿದರೆ ನಿಜವಾದ ವ್ಯತ್ಯಾಸ ಹೊರಬರುತ್ತದೆ.

ನ್ಯೂಜೆರ್ಸಿಯಲ್ಲೋ ಲಂಡನ್ನಿನಲ್ಲೋ ಮನೆ ಮಾಡಿರುವ ಕನ್ನಡಿಗರಿಗೆ ಲೆಕ್ಕ ಇನ್ನೂ ಗೋಜಲು. ಅಮೆರಿಕದ ಕೆಲವು ದೊಡ್ಡ ಕಂಪನಿಗಳು ‘ಉಚಿತ’ ಫೋನಿನ ಬೆಲೆಯನ್ನು 36 ತಿಂಗಳ ಬಿಲ್ಲಿನಲ್ಲಿ ತುಸುತುಸುವೇ ಕಡಿತ ಮಾಡುತ್ತವೆ. ನಡುವೆ ಬಿಟ್ಟರೆ ಉಳಿದ ಕಡಿತ ಹೋಯಿತು, ಬಾಕಿ ನಿಂತಿತು. ಬ್ರಿಟನ್ನಿನ ಕರಾರುಗಳಲ್ಲಿ ಹಣದುಬ್ಬರಕ್ಕೆ ತಕ್ಕಂತೆ ನಡುವೆ ಬೆಲೆ ಏರಿಸುವ ಷರತ್ತು ಇರುತ್ತಿತ್ತು. ಏರಿಕೆ ಎಷ್ಟೆಂಬುದನ್ನು ಪೌಂಡು, ಪೆನ್ಸಿನಲ್ಲಿ ಮೊದಲೇ ಹೇಳಬೇಕೆಂದು ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕಾಮ್ 2025ರ ಜನವರಿಯಿಂದ ಹೊಸ ಕರಾರುಗಳಿಗೆ ಕಡ್ಡಾಯ ಮಾಡಿತು.

ಇಷ್ಟೆಲ್ಲ ಭಾಗಾಕಾರ ಮಾಡಿದ ಮೇಲೂ ಮಲೆನಾಡಿನವರು ಕೇಳುವ ಪ್ರಶ್ನೆ ಬೇರೆ: ಸಿಗ್ನಲ್ ಸಿಗುತ್ತದೋ? ಟವರೊಂದೇ ಇರುವ ಊರಿನಲ್ಲಿ ಹೋಲಿಕೆಗೆ ಜಾಗವೇ ಇಲ್ಲ. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳು ದರ ಏರಿಸಿ ಬಿಎಸ್‌ಎನ್‌ಎಲ್ ಏರಿಸದೆ ಉಳಿದಾಗ ಅನೇಕರು ಅಲ್ಲಿಗೆ ಪೋರ್ಟ್ ಆದರು. 4ಜಿ ಇನ್ನೂ ಮುಟ್ಟದ ಕಡೆ ಅವರಿಗೆ ಸಿಕ್ಕಿದ್ದು ಅಗ್ಗದ ಪ್ಯಾಕು, ಪರದೆಯ ಮೇಲೆ ಸುತ್ತುತ್ತಲೇ ಇರುವ ಚಕ್ರ.

ನಮ್ಮಲ್ಲಿ ಕರಾರಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ವರ್ಷದ ರೀಚಾರ್ಜ್ ಹೆಸರಿಲ್ಲದ ಒಂದು ಕರಾರೇ. ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2011ರಿಂದ ದೇಶದೆಲ್ಲೆಡೆ ಇದೆ. 1900ಕ್ಕೆ ಒಂದು ಎಸ್‌ಎಂಎಸ್ ಕಳಿಸಿದರೆ ಪೋರ್ಟಿಂಗ್ ಕೋಡ್ ಬರುತ್ತದೆ. ಆದರೆ ಹಳೆಯ ಕಂಪನಿಯಲ್ಲಿ ಉಳಿದ ದಿನ, ಡೇಟಾ, ಕರೆನ್ಸಿ ಯಾವುದೂ ಜೊತೆಗೆ ಬರುವುದಿಲ್ಲ. ಬದಲಿಸಿದ ಮೇಲೆ 90 ದಿನ ಮತ್ತೆ ಬದಲಿಸುವ ಹಾಗೂ ಇಲ್ಲ. ಹಾಗಾಗಿ ಹೊಸ ಜಾಲಕ್ಕೆ ಹೋಗುವಾಗ ಮೊದಲ ಸಲ 28 ದಿನದ ದುಬಾರಿ ಪ್ಯಾಕನ್ನೇ ಹಾಕಿಸಿ. ಅಡುಗೆಮನೆಯಲ್ಲಿ, ತೋಟದಲ್ಲಿ, ಬಸ್ಸಿನ ದಾರಿಯಲ್ಲಿ, ಸಂಜೆ ಎಲ್ಲರೂ ನೆಟ್ ಬಳಸುವ ಹೊತ್ತಿನಲ್ಲಿ ಹೇಗಿದೆ ನೋಡಿ. ವರ್ಷದ 3,599 ಅದಾದ ಮೇಲೆ.