ಹೊತ್ತೊಯ್ಯಬಲ್ಲ ಬಡಗಿಮೇಜು

ಮನೆ ಕಟ್ಟಿಸಿದವರಿಗೂ ಹಳೆಯ ಮನೆಯನ್ನು ದುರಸ್ತಿ ಮಾಡಿಸಿದವರಿಗೂ ಬಡಗಿಯ ಕೆಲಸ ಪರಿಚಿತವೇ. ಅಂಗಳದಲ್ಲಿಯೋ ಪಡಸಾಲೆಯಲ್ಲಿಯೋ ಕುಕ್ಕುರುಗಾಲಿನಲ್ಲಿ ಕುಳಿತು, ಹಲಗೆಯನ್ನು ಕಾಲಿನಿಂದ ಒತ್ತಿಹಿಡಿದು, ಅದೇ ಕಾಲಿನ ಸಮೀಪದಲ್ಲಿ ಗರಗಸ ಆಡಿಸುವ ದೃಶ್ಯ ನಮ್ಮ ಊರುಗಳಲ್ಲಿ ಇಂದಿಗೂ ಸಾಮಾನ್ಯ. ಬಾಗಿಲು ಚೆನ್ನಾಗಿ ಬಂತೇ ಎಂದು ನಾವು ನೋಡುತ್ತೇವೆ. ಅದನ್ನು ಮಾಡಿದವನ ಮೊಣಕಾಲು, ಸೊಂಟಗಳು ಹೇಗಿವೆ ಎಂದು ಕೇಳುವವರು ವಿರಳ. ಕುಶಲತೆ ಮಾಗುವ ವಯಸ್ಸಿನಲ್ಲಿಯೇ ಕುಳಿತೇಳಲಾಗದೆ ಕಸುಬನ್ನು ಕೈಬಿಡಬೇಕಾಗಿ ಬಂದರೆ, ಆ ನಷ್ಟ ಒಂದು ಮನೆಯದಷ್ಟೇ ಅಲ್ಲ, ಸಮಾಜದ್ದು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿ ಕಾಯಕದ ಬಸವಯ್ಯ ಎಂಬ ಬಡಗಿಯಿದ್ದರು. ಕೈಯಲ್ಲಿ ಹಿಡಿದ ಬಾಚಿಯೇ ಅವರ ಹೆಸರಿನ ಭಾಗವಾಯಿತು. ಅವರ ಮಡದಿ ಕಾಳವ್ವೆಯೂ ವಚನಕಾರ್ತಿ. ಉಪಕರಣಕ್ಕೆ ಇಷ್ಟು ಗೌರವವಿತ್ತ ಪರಂಪರೆಯವರಾದ ನಾವು, ಉಪಕರಣ ಹಿಡಿದ ದೇಹಕ್ಕೂ ಆಸರೆ ಒದಗಿಸುವುದು ಯುಕ್ತವಲ್ಲವೇ?

ಕುಳಿತು ಮಾಡುವ ಕೆಲಸ, ನಿಂತು ಮಾಡುವ ಕೆಲಸ

ಕುಳಿತು ಮಾಡುವ ಕೆಲಸವೆಲ್ಲ ತಪ್ಪೆಂದು ನಾವು ಹೇಳುತ್ತಿಲ್ಲ. ನಮ್ಮ ಜಿಲ್ಲೆಯ ಸಾಗರ, ಸೊರಬಗಳ ಗುಡಿಗಾರರ ಗಂಧದ ಕೆತ್ತನೆಯಂತಹ ಸೂಕ್ಷ್ಮ ಕೆಲಸಕ್ಕೆ ಕಣ್ಣಿಗೂ ಕೈಗೂ ಹತ್ತಿರವಾದ ಆಸನವೇ ಸರಿ. ಆದರೆ ಚೌಕಟ್ಟಿನ ಮರವನ್ನು ಕೀಸುವಾಗ, ಉದ್ದ ಹಲಗೆಯನ್ನು ಸೀಳುವಾಗ ಇಡೀ ದೇಹದ ಭಾರ ಕೈಗೆ ಬರಬೇಕು. ಅದು ನಿಂತಾಗ ಮಾತ್ರ ಸಾಧ್ಯ. ಅದಕ್ಕೆ ಮೇಜು ಬೇಕು. ಬಡಗಿ ಇಂದು ಶಿವಮೊಗ್ಗದಲ್ಲಿ, ನಾಳೆ ಭದ್ರಾವತಿಯಲ್ಲಿ ಕೆಲಸ ಮಾಡುವವನಾದುದರಿಂದ ಆ ಮೇಜನ್ನು ಹೊತ್ತೊಯ್ಯುವಂತಿರಬೇಕು. ಚಿಕ್ಕ ಮನೆಗಳಲ್ಲಿ ಬಿಡುವಿನ ವೇಳೆ ಮರಗೆಲಸ ಮಾಡುವ ಗೃಹಸ್ಥರಿಗೂ, ಕೆಲಸ ಮುಗಿದೊಡನೆ ಗೋಡೆಗೆ ಒರಗಿಸಿಡಬಹುದಾದ ಮೇಜೇ ಅನುಕೂಲ.

ಹಗುರವಾದರೂ ಗಟ್ಟಿ ಹೇಗೆ?

ಇದರ ಗುಟ್ಟು ಭದ್ರಾವತಿಯವರಿಗೆ ಸುಲಭವಾಗಿ ತಿಳಿಯುವಂತಹುದು. 1923ರಲ್ಲಿ ಕಬ್ಬಿಣ ತಯಾರಿಕೆ ಆರಂಭಿಸಿದ ಊರು ಅದು. ರೈಲುಹಳಿಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ತಲೆಯೂ ಪಾದವೂ ದಪ್ಪ, ನಡುಭಾಗ ತೆಳು. ಬಾಗಿಸುವ ಒತ್ತಡವನ್ನು ಹೆಚ್ಚಾಗಿ ತಡೆಯುವುದು ಮೇಲ್ಭಾಗ ಮತ್ತು ಕೆಳಭಾಗ. ನಡುವಿನದು ಅವೆರಡನ್ನೂ ದೂರವಿಟ್ಟು ಬಂಧಿಸುತ್ತದೆ. ನಮ್ಮ ಮೇಜೂ ಹಾಗೆಯೇ: ಮೇಲೊಂದು, ಕೆಳಗೊಂದು ತೆಳು ಹಲಗೆ, ನಡುವೆ ಪಟ್ಟಿಗಳು, ಉಳಿದುದೆಲ್ಲ ಟೊಳ್ಳು.

ಇದಕ್ಕೆ ಪ್ಲೈವುಡ್ ಹೇಳಿಮಾಡಿಸಿದಂತಿದೆ. ತೆಳುಪದರಗಳ ಎಳೆಗಳನ್ನು ಒಂದಕ್ಕೊಂದು ಅಡ್ಡಲಾಗಿರಿಸಿ ಅಂಟಿಸಿರುವುದರಿಂದ, ಮಲೆನಾಡಿನ ಮಳೆಗಾಲದಲ್ಲಿ ಗಟ್ಟಿಮರದ ಹಲಗೆಯಂತೆ ಅದು ಅಗಲವಾಗಿ ಹಿಗ್ಗುವುದಿಲ್ಲ, ಬೇಸಿಗೆಯಲ್ಲಿ ಕುಗ್ಗುವುದಿಲ್ಲ. ಆದರೆ ಅಗ್ಗದ ಪ್ಲೈವುಡ್ಡಿನ ಅಂಟು ತೇವಕ್ಕೆ ಬಿಟ್ಟುಕೊಳ್ಳುತ್ತದೆ. ಆದುದರಿಂದ ನೀರು ತಡೆಯುವ ದರ್ಜೆಯ, ಐ.ಎಸ್.ಐ. ಮುದ್ರೆಯುಳ್ಳ ಹಲಗೆಯನ್ನೇ ಕೇಳಿ ತರಬೇಕು. ಐ.ಎಸ್. 710 ಎಂಬ ಗುರುತಿನ ಮೆರೈನ್ ಪ್ಲೈವುಡ್ ಉತ್ತಮ.

ಮಾಡುವ ಕ್ರಮ

ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, 12 ಮಿಲಿಮೀಟರ್ ದಪ್ಪದ ಒಂದು ಹಲಗೆ ಸಾಕು. ಅದನ್ನು ನಡುವೆ ಕತ್ತರಿಸಿ ನಾಲ್ಕಡಿ ಚೌಕದ ಎರಡು ತುಂಡು ಮಾಡಿಕೊಳ್ಳಬೇಕು. ಒಂದನ್ನು ಸಮನಾಗಿ ಸೀಳಿದರೆ ಮೇಲ್ಹಲಗೆ, ತಳಹಲಗೆಗಳು ದೊರೆಯುತ್ತವೆ. ಇನ್ನೊಂದರಿಂದ ನಾಲ್ಕು ಅಂಗುಲ ಅಗಲದ ಪಟ್ಟಿಗಳನ್ನು ಸೀಳಬೇಕು: ಪಕ್ಕಗಳಿಗೆ ನಾಲ್ಕಡಿಯ ಎರಡು, ಅಡ್ಡಕ್ಕೆ ಸುಮಾರು 23 ಅಂಗುಲದ ಐದು. ಗರಗಸವೂ ಒಂದಿಷ್ಟು ಮರವನ್ನು ತಿನ್ನುವುದರಿಂದ, ಅಡ್ಡಪಟ್ಟಿಗಳನ್ನು ಕಾಗದದ ಲೆಕ್ಕದಂತೆ ಕತ್ತರಿಸದೆ ಪಕ್ಕಪಟ್ಟಿಗಳ ನಡುವಿನ ಅಂತರವನ್ನು ಅಳೆದು ಕತ್ತರಿಸುವುದು ಲೇಸು.

ಪಕ್ಕಪಟ್ಟಿಗಳ ನಡುವೆ, ಸುಮಾರು ಒಂದಡಿಗೆ ಒಂದರಂತೆ ಅಡ್ಡಪಟ್ಟಿಗಳನ್ನು ನಿಲ್ಲಿಸಿದರೆ ನಾಲ್ಕು ಕೋಣೆಗಳಾಗುತ್ತವೆ. ಪ್ರತಿ ಕೋಣೆಗೂ ಪಕ್ಕಪಟ್ಟಿಯಲ್ಲಿ ಎರಡು ಅಂಗುಲ ಎತ್ತರದ ಉದ್ದುರುಟು ಕಂಡಿ ಕೊರೆಯಬೇಕು. ಅದೇ ಎತ್ತಲು ಹಿಡಿ, ಕ್ಲಾಂಪ್ ಸಿಕ್ಕಿಸಲು ದಾರಿ, ಉಳಿ ಕೊಡತಿಗಳನ್ನಿಡಲು ಗೂಡು. ಬಳಿಕ ಅಂಟು ಹಚ್ಚಿ, ಸ್ಕ್ರೂ ಬಿಗಿದು ಎರಡೂ ಹಲಗೆಗಳನ್ನು ಕೂಡಿಸಬೇಕು.

ಇಲ್ಲಿ ಒಂದು ಎಚ್ಚರ ಅತ್ಯಗತ್ಯ. ಅಂಟು ಒಣಗುವಾಗ ಪೆಟ್ಟಿಗೆ ಯಾವ ಆಕಾರದಲ್ಲಿರುತ್ತದೆಯೋ ಆ ಆಕಾರದಲ್ಲಿಯೇ ಅದು ಗಟ್ಟಿಯಾಗುತ್ತದೆ. ನೆಲ ವಾರೆಯಾಗಿದ್ದರೆ ಮೇಜೂ ಶಾಶ್ವತವಾಗಿ ವಾರೆ. ಸಮತಟ್ಟಾದ ನೆಲದಲ್ಲಿರಿಸಿ, ಮೂಲೆಮಟ್ಟದಿಂದ ಪರೀಕ್ಷಿಸಿ, ಮೇಲೆ ಭಾರವಿಟ್ಟು ಒಂದು ದಿನ ಬಿಡಬೇಕು. ಪ್ಲೈವುಡ್ ಕತ್ತರಿಸಿದಾಗ ಏಳುವ ಧೂಳು ಶ್ವಾಸಕೋಶಕ್ಕೆ ಹಿತವಲ್ಲ; ಆದುದರಿಂದ ಕೆಲಸ ಬಯಲಿನಲ್ಲಿ ನಡೆಯಲಿ, ಮೂಗಿಗೆ ಬಟ್ಟೆ ಕಟ್ಟಿರಲಿ.

ಮೇಲ್ಹಲಗೆಯಲ್ಲಿ ಆರು ಅಂಗುಲಕ್ಕೊಂದರಂತೆ 20 ಮಿಲಿಮೀಟರಿನ ರಂಧ್ರಗಳನ್ನು ಕೊರೆದು ಮರದ ಗೂಟಗಳನ್ನು ಸಿಕ್ಕಿಸಿದರೆ, ಕೀಸುವ ಹಲಗೆ ಜಾರದಂತೆ ಅವು ತಡೆಯುತ್ತವೆ. ಕಾಲಿನ ಬೆರಳುಗಳು ಇದುವರೆಗೆ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಗೂಟಗಳು ಮಾಡುತ್ತವೆ.

ಕಾಲುಗಳೂ ಎತ್ತರವೂ

ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿಗೆ ಬರುತ್ತದೆಯೋ ಅಲ್ಲಿಗೆ ಮೇಜಿನ ಎತ್ತರವಿರಲಿ. ಅದು 33 ಅಂಗುಲವಾದರೆ, ಪೆಟ್ಟಿಗೆಯ ಐದು ಅಂಗುಲ ಕಳೆದು ಕಾಲಿಗೆ 28 ಅಂಗುಲ. ಅಕೇಶಿಯಾ ಅಥವಾ ಸಿಲ್ವರ್ ಓಕ್ ರೀಪುಗಳಿಂದ, ಮೇಲ್ಗಡೆ ಕೀಲು ಹಾಕಿ ಏಣಿಯಂತೆ ಮಡಚುವ ಎರಡು ಜೋಡಿ ಕಾಲುಗಳನ್ನು ಮಾಡಿಕೊಳ್ಳಬಹುದು. ಅವು ಅತಿಯಾಗಿ ಅಗಲದಂತೆ ಹಗ್ಗ ಕಟ್ಟಬೇಕು. ಪೆಟ್ಟಿಗೆ ಜಾರದಂತೆ ಅದರ ತಳಕ್ಕೆ ಚಿಕ್ಕ ಪಟ್ಟಿಗಳನ್ನು ಬಡಿಯಬೇಕು. ಕೀಸುವಾಗ ಮೇಜನ್ನು ಗೋಡೆಗೆ ತಾಗಿಸಿಟ್ಟು ಗೋಡೆಯ ಕಡೆಗೆ ನೂಕಿದರೆ ಅದು ಅಲುಗದು. ಹಗುರವಾದ ಮೇಜು ಭಾರಿ ಸುತ್ತಿಗೆಯ ಏಟಿಗೆ ತಕ್ಕುದಲ್ಲ. ಅಂತಹ ಕೆಲಸಕ್ಕೆ ನೆಲವೇ ಲೇಸು.

ಇಂತಹ ಪೆಟ್ಟಿಗೆಯ ತೂಕ ಸುಮಾರು 15 ಕಿಲೋ. ಅದೇ ಅಳತೆಯ ಗಟ್ಟಿ ತೇಗವಾದರೆ ಸುಮಾರು 60 ಕಿಲೋ. ಒಬ್ಬನೇ ಎತ್ತಿ ಆಟೋದಲ್ಲಿಟ್ಟು, ತುಂಗೆಯ ದಡದಿಂದ ಭದ್ರೆಯ ದಡಕ್ಕೆ ಸಾಗಿಸಬಹುದು.

ಮನೆಯಲ್ಲಿ ಮರಗೆಲಸ ಮಾಡಿಸುವ ಬಂಧುಗಳು ಈ ಖರ್ಚಿನಲ್ಲೊಂದು ಪಾಲನ್ನು ತಾವೇ ವಹಿಸಿಕೊಂಡು, ಕೆಲಸ ಮುಗಿದ ಮೇಲೆ ಮೇಜನ್ನು ಬಡಗಿಗೇ ಬಿಟ್ಟುಕೊಟ್ಟರೆ ಅದಕ್ಕಿಂತ ಸಾರ್ಥಕವಾದ ದಾಸೋಹ ಯಾವುದು? ನಮ್ಮ ಬಾಗಿಲು ನೆಟ್ಟಗೆ ನಿಲ್ಲುವಂತೆ ಮಾಡಿದವನು ತಾನೂ ಬಹುಕಾಲ ನೆಟ್ಟಗೆ ನಿಂತು ದುಡಿಯುವಂತಾಗಲಿ.