ಒಂದು ರ‍್ಯಾಪ್ ಹಾಡಲ್ಲಿ ಎಷ್ಟು ಜನ ಇರ್ತಾರೆ?

ಅರಸೀಕೆರೆ ದಾಟಿ ಹಳೇಬೀಡು, ಬೇಲೂರಿನ ಕಡೆ ಹೊರಟ ಕಾಲೇಜ್ ಟ್ರಿಪ್ ಬಸ್ಸಲ್ಲಿ ಯಾವಾಗಲೋ ಒಮ್ಮೆ ‘3 ಪೆಗ್’ ಹಾಕೇ ಹಾಕ್ತಾರೆ. ಹಿಂದಿನ ಸೀಟಿನವರು ಎದ್ದು ಕುಣೀತಾರೆ. ಮುಂದೆ ಕೂತ ಮೇಷ್ಟ್ರು ಕಿಟಕಿ ಕಡೆ ತಿರುಗ್ತಾರೆ. ಈ ಹಾಡಿನ ಚಂದನ್ ಶೆಟ್ಟಿ ಇದೇ ಜಿಲ್ಲೆಯವರು, ಹಾಸನದ ಹತ್ತಿರದ ಶಾಂತಿಗ್ರಾಮದವರು ಅನ್ನೋದು ಬಸ್ಸಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲ್ಲ.

ನಮ್ಮ ಕ್ಯಾಂಪಸ್ಸಲ್ಲೂ ಈಗ ಒಂದಿಷ್ಟು ಜನ ಸೇರ್ಕೊಂಡು ಫೆಸ್ಟ್‌ಗೆ ಒಂದು ಕನ್ನಡ ರ‍್ಯಾಪ್ ಸಿಂಗಲ್ ಮಾಡೋಣ ಅಂತಿದ್ದಾರೆ. ಅಂಥ ಹಾಡು ಹೇಗೆ ಕಟ್ಟಿಕೊಳ್ಳುತ್ತೆ, ಬಿಡುಗಡೆ ಆದ್ಮೇಲೆ ಜನ ಅದನ್ನ ಹೇಗೆ ತಗೋತಾರೆ ಅಂತ ಸ್ವಲ್ಪ ಬಿಡಿಸಿ ನೋಡೋಣ.

ಸಿಂಗಲ್ ಅಂದ್ರೇನು?

ನಮ್ಮಲ್ಲಿ ಹಾಡು ಅಂದ್ರೆ ಬಹಳ ಕಾಲ ಸಿನಿಮಾ ಹಾಡೇ. ಕಥೆಗೆ ತಕ್ಕ ಸನ್ನಿವೇಶ, ಹೀರೋಗೆ ತಕ್ಕ ದನಿ. ಚಂದನ್ ಕೂಡ ಶುರು ಮಾಡಿದ್ದು ಅಲ್ಲೇ, 2012ರ ‘ಅಲೆಮಾರಿ’ ಹೊತ್ತಿಗೆ ಅರ್ಜುನ್ ಜನ್ಯ ಅವರ ಜೊತೆ ಕೆಲಸ ಮಾಡ್ತಾ. ಸಿಂಗಲ್‌ಗೆ ಈ ಸಿನಿಮಾದ ಆಸರೆ ಇಲ್ಲ. ಮೂರ್ನಾಲ್ಕು ನಿಮಿಷದ ಒಂದೇ ಹಾಡು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. 2016ರಲ್ಲಿ ಆನಂದ್ ಆಡಿಯೋ ಮೂಲಕ ಬಂದ ‘3 ಪೆಗ್’ನಲ್ಲಿ ಚಂದನ್ ಜೊತೆಗೆ ವಿರಾಜ್ ಕನ್ನಡಿಗ ಹೆಸರಿದೆ, ವಿಡಿಯೊದಲ್ಲಿ ಐಂದ್ರಿತಾ ರೇ ಇದ್ದಾರೆ. ಕುಡಿತದ ಹಾಡು ಅಂತ ಮೂಗು ಮುರಿದವರೂ ಇದ್ರು, ಮದುವೆ ಮೆರವಣಿಗೆಯಲ್ಲಿ ಕುಣಿದವರೂ ಇದ್ರು. ಸಿನಿಮಾ ಇಲ್ಲದೇನೂ ಕನ್ನಡ ಹಾಡು ಊರೂರು ತಿರುಗುತ್ತೆ ಅನ್ನೋದನ್ನ ಅದು ತೋರಿಸ್ತು. 2018ರ ಜನವರಿಯಲ್ಲಿ ಚಂದನ್ ಬಿಗ್ ಬಾಸ್ ಕನ್ನಡದ ಐದನೇ ಸೀಸನ್ ಗೆದ್ದಾಗ ಮನೆಯ ಹಿರಿಯರಿಗೂ ರ‍್ಯಾಪ್ ಅನ್ನೋ ಪದ ಪರಿಚಯ ಆಗಿತ್ತು.

ಬೀಟಿನ ಲೆಕ್ಕ

ಕೆಲಸ ಸಾಮಾನ್ಯವಾಗಿ ಬೀಟಿನಿಂದ ಶುರು. 90 ಬಿಪಿಎಂ ಅಂದ್ರೆ ನಿಮಿಷಕ್ಕೆ 90 ಬೀಟ್, ಒಂದು ಬೀಟ್‌ಗೆ 0.67 ಸೆಕೆಂಡ್. ನಾಲ್ಕು ಬೀಟಿಗೆ ಒಂದು ಬಾರ್, ಅಂದ್ರೆ 2.67 ಸೆಕೆಂಡ್. ರ‍್ಯಾಪರ್ ಬರೆಯೋ ಹದಿನಾರು ಬಾರ್‌ನ ಒಂದು ವರ್ಸ್ ಸುಮಾರು 43 ಸೆಕೆಂಡಲ್ಲಿ ಮುಗಿಯುತ್ತೆ. ಪ್ರತಿ ಬೀಟನ್ನ ನಾಲ್ಕು ಭಾಗ ಮಾಡಿದ್ರೆ ಒಂದು ಬಾರ್‌ನಲ್ಲಿ ಹದಿನಾರು ಮನೆ ಸಿಗ್ತವೆ. ಮಾತನ್ನ ಕೂರಿಸಬೇಕಾಗಿರೋದು ಈ ಮನೆಗಳಲ್ಲಿ.

ಈಗ ಪಿಯುಸಿಯಲ್ಲಿ ಬೈಕೊಂಡು ಓದಿದ ಛಂದಸ್ಸು ನೆನಪು ಮಾಡ್ಕೊಳ್ಳಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಯ ನಾಲ್ಕು ಗಣ ಸೇರಿದ್ರೆ ಮಂದಾನಿಲ ರಗಳೆಯ ಒಂದು ಸಾಲು, ಹದಿನಾರು ಮಾತ್ರೆ. ಒಂದು ಬಾರ್‌ಗೆ ಸರಿಯಾಗಿ ಕೂರುತ್ತೆ. ಮೂರು ಮಾತ್ರೆಯ ನಾಲ್ಕು ಗಣ ಉತ್ಸಾಹ ರಗಳೆ, ಬೀಟಿಗೆ ಮೂರರಂತೆ ಹನ್ನೆರಡು. 2013ರಲ್ಲಿ ಅಮೆರಿಕದ ಮಿಗೋಸ್ ತಂಡ ‘ವರ್ಸಾಚಿ’ ಹಾಡಿನಿಂದ ಜನಪ್ರಿಯ ಮಾಡಿದ ಟ್ರಿಪ್ಲೆಟ್ ಫ್ಲೋದ ಲೆಕ್ಕವೂ ಬೀಟಿಗೆ ಮೂರೇ. ಐದು ಮಾತ್ರೆಯ ನಾಲ್ಕು ಗಣ ಲಲಿತ ರಗಳೆ. ಅದನ್ನ ಹದಿನಾರು ಮನೆಯ ಬಾರ್ ಮೇಲೆ ಸುಮ್ನೆ ಓಡಿಸಿದ್ರೆ ಗಣ ಸರೀತಾ ಹೋಗುತ್ತೆ, 80 ಮನೆ ದಾಟಿ, ಐದು ಬಾರ್ ಆದ್ಮೇಲೆ ಮತ್ತೆ ಮೊದಲ ಬೀಟಿಗೆ ಬಂದು ಕೂಡುತ್ತೆ. 16 ಮತ್ತು 5ರ ಲಸಾಅ, ಅಷ್ಟೇ. ಬೇಕಂತಲೇ ಮಾಡಿದ್ರೆ ಅದು ಒಳ್ಳೆ ಫ್ಲೋ, ಗೊತ್ತಿಲ್ಲದೆ ಆದ್ರೆ ತಾಳ ತಪ್ಪಿದ ಹಾಗೆ ಕೇಳುತ್ತೆ.

ಈ ರಗಳೆಯನ್ನ ಕನ್ನಡದಲ್ಲಿ ಮೆರೆಸಿದ ಹರಿಹರ ಹಂಪಿಗೆ ಹೋಗೋ ಮುಂಚೆ ಹೊಯ್ಸಳರ ದೋರಸಮುದ್ರದಲ್ಲಿ ಕರಣಿಕನಾಗಿದ್ದ ಅಂತ ಪ್ರತೀತಿ. ದೋರಸಮುದ್ರ ಅಂದ್ರೆ ನಮ್ಮ ಟ್ರಿಪ್ ಬಸ್ ನಿಲ್ಲೋ ಇವತ್ತಿನ ಹಳೇಬೀಡು.

ಆಡುಮಾತು ಯಾಕೆ ಬೇಕು ಅನ್ನೋದೂ ಈ ಲೆಕ್ಕದಲ್ಲೇ ತಿಳಿಯುತ್ತೆ. ‘ಮಾಡುತ್ತೇನೆ’ ಅಂದ್ರೆ ಏಳು ಮಾತ್ರೆ. ‘ಮಾಡ್ತೀನಿ’ ಅಂದ್ರೆ ಐದು. ಎರಡು ಮನೆ ಉಳೀತು, 90 ಬಿಪಿಎಂನಲ್ಲಿ ಸೆಕೆಂಡಿನ ಮೂರನೇ ಒಂದು ಭಾಗ. ಪುಸ್ತಕದ ಕನ್ನಡದಲ್ಲಿ ಬರೆದ ಕಾಲೇಜ್ ರ‍್ಯಾಪ್‌ಗಳು ಉಸಿರು ಕಟ್ಟೋದು ಇಲ್ಲೇ.

ಬೀಟ್ ಮೇಲೆ ಮೊದಲು ಒಂದು ಕಚ್ಚಾ ಹಾಡಿಕೆ, ಆಮೇಲೆ ಎಲ್ಲರ ಬಾಯಿಗೂ ಬರೋ ಹುಕ್, ವರ್ಸ್‌ಗಳ ರೆಕಾರ್ಡಿಂಗ್, ಮುಖ್ಯ ಪದಗಳಿಗೆ ಒತ್ತು ಕೊಡೋಕೆ ಅದೇ ದನಿಯ ಎರಡನೇ ಪದರ. ಕೊನೆಗೆ ಮಿಕ್ಸಿಂಗ್, ಮಾಸ್ಟರಿಂಗ್, ವಿಡಿಯೊ. ಒಬ್ಬನೇ ಹಾಡಿದ ಹಾಗೆ ಕಂಡ್ರೂ ಎಣಿಸಿದ್ರೆ ಹತ್ತು ಜನ ಸಿಗ್ತಾರೆ.

ಯಾರ ಹೆಸರು?

ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದ್ದು. ಅಲ್ಲಿನ ಮದನಿಕೆಯರ ಕೆಳಗೆ ಬಗ್ಗಿ ನೋಡಿ, ಕೆಲವು ಕಡೆ ಕೆತ್ತಿದವರ ಹೆಸರಿದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಬರೀ ಹೆಸರಲ್ಲ, ಎದುರಾಳಿ ರೂವಾರಿಗಳನ್ನ ಮಣಿಸುವವನು ಅನ್ನೋ ಧಾಟಿಯ ಬಿರುದುಗಳೂ ಇವೆ. ಇವತ್ತಿನ ರ‍್ಯಾಪರ್ ಮೈಕ್ ಹಿಡಿದು ಎದುರಾಳಿಯನ್ನ ಕೆಣಕೋದಕ್ಕೂ ಇದಕ್ಕೂ ದೂರ ಏನಿಲ್ಲ. ನೂರಾರು ಜನ ಸೇರಿ ಕಟ್ಟಿದ ಗುಡಿಯಲ್ಲೂ ‘ಇದು ನನ್ನ ಕೆಲಸ’ ಅಂತ ಬರೆಯೋ ಜಾಗ ಇತ್ತು.

ನಮ್ಮ ಕಾನೂನಲ್ಲೂ ಇದೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಒಂದು ಹಾಡಿನಲ್ಲಿ ಸಾಹಿತ್ಯ ಒಂದು ಹಕ್ಕು, ಸಂಗೀತ ಇನ್ನೊಂದು, ಧ್ವನಿಮುದ್ರಣ ಮತ್ತೊಂದು. 2012ರ ತಿದ್ದುಪಡಿ ಬರೆದವರಿಗೂ ಸಂಗೀತ ಮಾಡಿದವರಿಗೂ ರಾಯಲ್ಟಿಯ ಪಾಲನ್ನ ಗಟ್ಟಿ ಮಾಡ್ತು. ಹಾಸ್ಟೆಲ್ ರೂಮಲ್ಲಿ ಬೀಟ್ ಮಾಡಿಕೊಟ್ಟ ಗೆಳೆಯನ ಹೆಸರು ಪೋಸ್ಟರ್‌ನಿಂದ ಬಿಟ್ಟುಹೋದ್ರೆ ಜಗಳ ಆಗೋದು ಸುಮ್ನೆ ಅಲ್ಲ.

ಹೆಸರಿಲ್ಲದ ಪಾಲುದಾರರು

ಕ್ರೆಡಿಟ್‌ನಲ್ಲಿ ಬರದವರೂ ಇರ್ತಾರೆ. 2020ರ ಆಗಸ್ಟ್‌ನಲ್ಲಿ ಚಂದನ್ ‘ಕೋಲುಮಂಡೆ’ ಹಾಡನ್ನ ಹೊಸ ಬೀಟಲ್ಲಿ ತಂದ್ರು. ಅದು ಮಲೆ ಮಹದೇಶ್ವರನ ಜನಪದ ಹಾಡು, ಜಂಗಮನಾಗಿ ಬರೋ ಮಾದಪ್ಪ ಮತ್ತು ಶಿವಶರಣೆ ಸಂಕಮ್ಮನ ಕಥೆಗೆ ಸೇರಿದ್ದು. ವಿಡಿಯೊದಲ್ಲಿ ಸಂಕಮ್ಮನನ್ನ ತೋರಿಸಿದ ರೀತಿ ನೋಡಿ ಭಕ್ತರು, ಜನಪದ ಕಲಾವಿದರು ಸಿಟ್ಟಾದ್ರು. ಚಂದನ್ ಕ್ಷಮೆ ಕೇಳಿದ್ರು, ವಿಡಿಯೊ ಯೂಟ್ಯೂಬ್‌ನಿಂದ ಇಳೀತು.

ಹಳೇ ಹಾಡನ್ನ ಮುಟ್ಟಿದ್ದೇ ತಪ್ಪಾಯ್ತಾ? ಹಾಗನ್ನೋಕೆ ಬರಲ್ಲ. 1996ರ ‘ಜನುಮದ ಜೋಡಿ’ ಸಿನಿಮಾದಲ್ಲಿ ವಿ. ಮನೋಹರ್ ಸಂಗೀತದಲ್ಲಿ ಇದೇ ಜನಪದ ಹಾಡು ಬಂದಿತ್ತು. ಹಾಡಿದ ಎಲ್.ಎನ್. ಶಾಸ್ತ್ರಿ ಅವರಿಗೆ ರಾಜ್ಯ ಪ್ರಶಸ್ತಿ ಬಂತು, ಜನ ಇವತ್ತಿಗೂ ಗುನುಗ್ತಾರೆ. ಅಂದ್ರೆ ಹೊಸ ರೂಪಕ್ಕೆ ಜನ ಬಾಗಿಲು ಹಾಕಿಲ್ಲ. ಕಂಸಾಳೆ ಹಿಡಿದು ತಲೆತಲಾಂತರದಿಂದ ಈ ಕಥೆ ಹಾಡಿಕೊಂಡು ಬಂದವರಿಗೆ ಸಂಕಮ್ಮ ದೇವರ ಮನೆಯ ಹೆಣ್ಣುಮಗಳು. ಅವಳನ್ನ ಡ್ಯಾನ್ಸ್ ವಿಡಿಯೊದ ಕಣ್ಣಲ್ಲಿ ನೋಡಿದ್ದು ನೋವು ಮಾಡ್ತು.

ಬರೆದವರು ಯಾರೋ ಗೊತ್ತಿಲ್ಲದ ಜನಪದ ಹಾಡಿಗೆ ಕಾಪಿರೈಟ್ ಕಾಯ್ದೆಯಲ್ಲಿ ಮಾಲೀಕ ಸಿಗೋದು ಕಷ್ಟ. ಅನುಮತಿ ಪತ್ರಕ್ಕೆ ಸಹಿ ಹಾಕೋರಿಲ್ಲ. ಆದ್ರೆ ಹಾಡೋರಿದ್ದಾರೆ, ಫೋನ್ ಮಾಡಿದ್ರೆ ಸಿಗ್ತಾರೆ, ಕೂರಿಸ್ಕೊಂಡು ಕಥೆ ಹೇಳ್ತಾರೆ. ನನ್ನ ಮಟ್ಟಿಗೆ ಅವರೂ ಆ ಸಿಂಗಲ್‌ನ ಪಾಲುದಾರರೇ.

ಹಾಗಾಗಿ ಫೆಸ್ಟ್ ಹಾಡು ಮಾಡೋರಿಗೆ ಮೂರು ಮಾತು. ನೆಟ್‌ನಲ್ಲಿ ‘ಫ್ರೀ’ ಅಂತ ಸಿಗೋ ಬೀಟ್‌ನ ಷರತ್ತು ಓದಿ, ಎಷ್ಟೋ ಬೀಟ್‌ಗಳು ದುಡ್ಡು ಮಾಡದ ಬಳಕೆಗೆ ಮಾತ್ರ ಫ್ರೀ. ರೆಕಾರ್ಡಿಂಗ್‌ಗೆ ಕೂರೋ ಮುಂಚೆಯೇ ಯಾರ್ಯಾರ ಹೆಸರು ಎಲ್ಲಿ ಬರುತ್ತೆ ಅಂತ ಬರೆದಿಟ್ಕೊಳ್ಳಿ. ಮಾದಪ್ಪನ ಪದವೋ, ಲಾವಣಿಯೋ, ಸೋಬಾನೆಯೋ ತಗೊಂಡ್ರೆ ಅದನ್ನ ಹಾಡೋರ ಮುಂದೆ ಒಂದ್ಸಲ ಪ್ಲೇ ಮಾಡಿ. ಅವರು ತಲೆದೂಗಿದ್ರೆ ನಿಮ್ಮ ಹಾಡಿಗೆ ಊರಿನ ಬಲ ಬರುತ್ತೆ. ಮುಖ ಸಿಂಡರಿಸಿದ್ರೆ ಅಪ್‌ಲೋಡ್ ಮಾಡೋಕೆ ಮುಂಚೆ ತಿದ್ದೋಕೆ ಇನ್ನೂ ಟೈಮ್ ಇರುತ್ತೆ.