ಕೊಂದವನಿಗೂ ಮುಕ್ತಿಯುಂಟೆ?

'ಮಾಡಿದ್ದುಣ್ಣೋ ಮಹರಾಯ' ಎಂಬ ಮಾತನ್ನು ಕೇಳದ ಕನ್ನಡಿಗನಿಲ್ಲ. ಬಿತ್ತಿದ್ದನ್ನೇ ಬೆಳೆಯಬೇಕು, ಮಾಡಿದ ಕರ್ಮವನ್ನು ಅನುಭವಿಸಿಯೇ ತೀರಿಸಬೇಕು ಎಂಬುದು ಈ ನಾಡಿನ ಜನರ ರಕ್ತದಲ್ಲಿ ಬೆರೆತ ನಂಬಿಕೆ. ಅಂತಹವರ ಕಿವಿಗೆ ಕ್ರೈಸ್ತರ 'ಪಾಪವಿಮೋಚನೆ' ಎಂಬ ಮಾತು ಬಿದ್ದಾಗ ಸಂದೇಹವೊಂದು ತಲೆಯೆತ್ತುವುದು ಸಹಜ. ಪಾದ್ರಿಯ ಮುಂದೆ ಮೊಣಕಾಲೂರಿ ತಪ್ಪನ್ನು ಒಪ್ಪಿಕೊಂಡ ಮಾತ್ರಕ್ಕೆ ಪಾಪ ಕಳೆಯುವುದೆ? ಹಾಗಾದರೆ ಕೊಲೆಗಾರನೂ ಸ್ವರ್ಗವನ್ನು ಸೇರಬಹುದೆ? ಸೇರಬಹುದಾದರೆ, ಸತ್ತವರಿಗೆ ನ್ಯಾಯವೆಲ್ಲಿ?

ಈ ಪ್ರಶ್ನೆಗೆ ಕಥೋಲಿಕ ಧರ್ಮಸಭೆ ತನ್ನ ಶಾಸ್ತ್ರಗಳಲ್ಲಿ ಉತ್ತರವಿತ್ತಿದೆ. ಆದರೆ ಶಾಸ್ತ್ರದ ಮಾತಿಗಿಂತ ಸ್ಪಷ್ಟವಾಗಿ ಅದನ್ನು ಬದುಕಿ ತೋರಿಸಿದವರು ಇಟಲಿಯ ಮೂವರು ಬಡಜನರು: ಒಬ್ಬ ಬಾಲಕಿ, ಆಕೆಯ ತಾಯಿ, ಮತ್ತು ಆಕೆಯನ್ನು ಕೊಂದ ತರುಣ.

ಜೌಗು ನೆಲದ ದುರಂತ

ಮರಿಯಾ ಗೊರೆಟ್ಟಿ 1890ರ ಅಕ್ಟೋಬರ್ 16ರಂದು ಕೊರಿನಾಲ್ಡೊ ಎಂಬ ಊರಿನಲ್ಲಿ ಹುಟ್ಟಿದಳು. ಹುಟ್ಟೂರಿನಲ್ಲಿ ಹೊಟ್ಟೆ ತುಂಬದೆ ಆ ಸಂಸಾರ ಗುಳೆ ಹೊರಟು, ರೋಮಿನ ದಕ್ಷಿಣಕ್ಕಿರುವ ಜೌಗು ಪ್ರದೇಶದಲ್ಲಿ ಪರರ ಭೂಮಿಯನ್ನು ಉಳುತ್ತ ನೆಲೆಸಿತು. 1900ರಲ್ಲಿ ಮಲೇರಿಯ ತಂದೆಯನ್ನು ಬಲಿ ತೆಗೆದುಕೊಂಡಿತು. ತಾಯಿ ಅಸ್ಸುಂತಾ ಹೊಲಕ್ಕಿಳಿದಳು. ಅಡಿಗೆ, ಮನೆವಾರ್ತೆ, ತಮ್ಮ ತಂಗಿಯರ ಆರೈಕೆ ಪುಟ್ಟ ಮರಿಯಾಳ ಪಾಲಿಗೆ ಬಂದವು. ಅದೇ ಕಟ್ಟಡದಲ್ಲಿ ಸೆರೆನೆಲ್ಲಿ ಎಂಬ ಇನ್ನೊಂದು ಮನೆತನವೂ ಇತ್ತು. ಆ ಮನೆಯ ಮಗ ಅಲೆಸ್ಸಾಂದ್ರೊನಿಗೆ 20ರ ಪ್ರಾಯ.

1902ರ ಜುಲೈ 5ರಂದು ಅಸ್ಸುಂತಾ ಅಂಗಳದಲ್ಲಿ ಕಾಳು ಒಕ್ಕುವ ಕೆಲಸದಲ್ಲಿದ್ದಳು. ಮರಿಯಾ ಬಟ್ಟೆ ಹೊಲಿಯುತ್ತ ಎಳೆಯ ತಂಗಿಯನ್ನು ನೋಡಿಕೊಳ್ಳುತ್ತಿದ್ದಳು. ಅಲೆಸ್ಸಾಂದ್ರೊ ದುರ್ಬುದ್ಧಿಯಿಂದ ಆಕೆಯನ್ನು ಒಳಕ್ಕೆ ಎಳೆದುಕೊಂಡ. ಅದು ಪಾಪವೆಂದು ಆಕೆ ಪ್ರತಿಭಟಿಸಿದಾಗ ಮತಿಗೆಟ್ಟು ಇರಿದ. ನೆಟ್ಟುನೊ ಪಟ್ಟಣದ ಆಸ್ಪತ್ರೆಯಲ್ಲಿ ಮರುದಿನ ಆ ಬಾಲಕಿ ಕಣ್ಮುಚ್ಚಿದಳು. ಹನ್ನೆರಡು ಇನ್ನೂ ತುಂಬಿರಲಿಲ್ಲ. ಸಾಯುವ ಮುನ್ನ, ತಾನು ಅಲೆಸ್ಸಾಂದ್ರೊನನ್ನು ಕ್ಷಮಿಸಿರುವುದಾಗಿಯೂ, ಆತನೂ ಸ್ವರ್ಗದಲ್ಲಿ ತನ್ನೊಡನೆ ಇರಬೇಕೆಂದೂ ಹೇಳಿದಳು.

ಕ್ಷಮೆ ಮತ್ತು ಋಣ

ಸಾಯುತ್ತಿದ್ದ ಬಾಲೆ ಹಾಗೆ ಹಾರೈಸಬಹುದಾದುದಾದರೂ ಹೇಗೆ? ಇದಕ್ಕೆ ಕಥೋಲಿಕರ ನಂಬಿಕೆಯ ತಿರುಳನ್ನು ಅರಿಯಬೇಕು. ಮನುಷ್ಯ ಪಾಪದ ಸೆರೆಯಾಳು. ಸ್ವಂತ ಪುಣ್ಯದ ಬಲದಿಂದ ಆತ ಬಿಡಿಸಿಕೊಳ್ಳಲಾರ. ಯೇಸು ಕ್ರಿಸ್ತ ಶಿಲುಬೆಯ ಮೇಲೆ ಪ್ರಾಣವಿತ್ತು ಆ ಬಿಡುಗಡೆಯ ಬೆಲೆಯನ್ನು ತೆತ್ತ. ಇದೇ ವಿಮೋಚನೆ. ಇದು ಸಂಪಾದನೆಯಲ್ಲ, ದಾನ. ಆದರೆ ಒಲ್ಲದವನ ಮೇಲೆ ಹೇರುವ ದಾನವೂ ಅಲ್ಲ. ದೇವರ ಕೃಪೆ ಮುಂದಾಗಿ ಬರುತ್ತದೆ. ಮನುಷ್ಯ ಅದನ್ನು ಮನಸಾರೆ ಒಪ್ಪಿ, ಅದರೊಡನೆ ದುಡಿಯಬೇಕು. 1547ರಲ್ಲಿ ಟ್ರೆಂಟ್ ಮಹಾಸಭೆ ವಿಧಿಸಿದ ತತ್ತ್ವವಿದು.

ಅದೇ ಮಹಾಸಭೆ 1551ರಲ್ಲಿ ಪಾಪನಿವೇದನೆಯ ಸಂಸ್ಕಾರವನ್ನು ಕುರಿತು ಹೇಳುವಾಗ, ಪಾಪಿ ಮಾಡಬೇಕಾದ ಕಾರ್ಯಗಳು ಮೂರೆಂದಿತು: ಎದೆಯಾಳದ ಪಶ್ಚಾತ್ತಾಪ, ಬಾಯಿಬಿಟ್ಟು ಮಾಡುವ ನಿವೇದನೆ, ಕೈಯಾರೆ ಸಲ್ಲಿಸುವ ಪ್ರಾಯಶ್ಚಿತ್ತ. ಕೊನೆಯದನ್ನು ಹೊರಗಿನವರು ಮರೆಯುವುದರಿಂದಲೇ ಕ್ಷಮೆ ಅಗ್ಗದ ಸರಕಾಗಿ ತೋರುವುದು. ಒಡವೆ ಕದ್ದವನನ್ನು ಒಡತಿ ಕ್ಷಮಿಸಬಹುದು. ಆದರೂ ಒಡವೆ ಹಿಂದಕ್ಕೆ ಬರಬೇಕು, ಕದಿಯುವ ಚಾಳಿ ಬೇರುಸಹಿತ ಹೋಗಬೇಕು. ಪಾಪ ಮನ್ನಾ ಆದರೂ ಅದು ಬಿಟ್ಟುಹೋದ ಋಣ ಉಳಿದೇ ಇರುತ್ತದೆ. ಇಹದಲ್ಲಿ ತೀರದೆ ಉಳಿದುದು, ಮರಣದ ಬಳಿಕ ಶುದ್ಧೀಕರಣದ ಸ್ಥಿತಿಯಲ್ಲಿ ತೀರಬೇಕೆಂಬುದು ಅವರ ನಂಬಿಕೆ. ನವೆಂಬರ್ 2ರಂದು ಮಂಗಳೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಕಥೋಲಿಕ ಸಂಸಾರಗಳು ಹಿರಿಯರ ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚಿ ಪ್ರಾರ್ಥಿಸುವುದು ಇದಕ್ಕಾಗಿಯೇ.

ಸೆರೆಮನೆಯಿಂದ ತಾಯಿಯ ಬಾಗಿಲಿಗೆ

ಅಲೆಸ್ಸಾಂದ್ರೊ ಇನ್ನೂ ಅಪ್ರಾಪ್ತನೆಂದು ನ್ಯಾಯಾಲಯ ಆತನಿಗೆ 30 ವರ್ಷಗಳ ಸೆರೆಯನ್ನು ವಿಧಿಸಿತು. ಮೊದಲ ವರ್ಷಗಳಲ್ಲಿ ಆತನ ಮನಸ್ಸು ಕಲ್ಲಾಗಿಯೇ ಇತ್ತು. ಒಂದು ರಾತ್ರಿ ಕನಸಿನಲ್ಲಿ ಮರಿಯಾ ಕಾಣಿಸಿಕೊಂಡು ತನ್ನ ಕೈಗೆ ಲಿಲ್ಲಿ ಹೂಗಳನ್ನು ಕೊಟ್ಟಳೆಂದು ಆತ ಹೇಳಿಕೊಂಡ. ಕನಸೋ, ಕೃಪೆಯೋ, ಅಂದಿನಿಂದ ಕಲ್ಲು ಕರಗಿತು. ಆದರೆ ಕರಗಿದೊಡನೆ ಸೆರೆಯ ಬಾಗಿಲು ತೆರೆಯಲಿಲ್ಲ. ಒಟ್ಟು 27 ವರ್ಷಗಳನ್ನು ಕಳೆದು, 1929ರಲ್ಲಿ ಆತ ಹೊರಬಂದ.

ಇನ್ನೊಂದು ಬಾಗಿಲು ಉಳಿದಿತ್ತು. ಒಂದು ಕ್ರಿಸ್ಮಸ್ ಹಬ್ಬದ ವೇಳೆಯಲ್ಲಿ ಆತ ಕೊರಿನಾಲ್ಡೊಗೆ ಹೋಗಿ ಅಸ್ಸುಂತಾಳ ಮುಂದೆ ನಿಂತು ಕ್ಷಮೆ ಬೇಡಿದ. ಮಗಳೇ ಕ್ಷಮಿಸಿದ್ದಾಳೆ, ದೇವರೂ ಕ್ಷಮಿಸಿದ್ದಾನೆ, ಹಾಗಿರುವಾಗ ತಾನು ಹೇಗೆ ಇಲ್ಲವೆನ್ನಲಿ ಎಂಬುದು ಆ ತಾಯಿಯ ಉತ್ತರವಾಗಿತ್ತು. ಬಳಿಕ ಅವರಿಬ್ಬರೂ ಚರ್ಚಿನಲ್ಲಿ ಅಕ್ಕಪಕ್ಕದಲ್ಲಿ ಪರಮಪ್ರಸಾದವನ್ನು ಸ್ವೀಕರಿಸಿದರು. ಹೆತ್ತ ಕರುಳಿಗೆ ಇದು ಎಷ್ಟು ಕಠಿನವಾಗಿದ್ದೀತೆಂಬುದನ್ನು ತಾಯಂದಿರೇ ಬಲ್ಲರು.

ಅಲೆಸ್ಸಾಂದ್ರೊನ ಪ್ರಾಯಶ್ಚಿತ್ತ ಅಲ್ಲಿಗೂ ಮುಗಿಯಲಿಲ್ಲ. ಮರಿಯಾಳ ಪುಣ್ಯಚರಿತೆಯ ವಿಚಾರಣೆಯಲ್ಲಿ ತನ್ನ ಅಪರಾಧವನ್ನು ತಾನೇ ವಿವರಿಸಿ ಆತ ಸಾಕ್ಷ್ಯ ನುಡಿದ. ಕಪುಚಿನ್ ಸನ್ಯಾಸಿಗಳ ಮಠದಲ್ಲಿ ತೋಟದ ಕೆಲಸ ಮಾಡುತ್ತ ಉಳಿದ ಆಯುಷ್ಯವನ್ನು ಸವೆಸಿದ. 1961ರಲ್ಲಿ ಬರೆದಿಟ್ಟ ಪತ್ರದಲ್ಲಿ, ಹರೆಯದಲ್ಲಿ ತಾನು ಹಿಡಿದ ಕೆಟ್ಟ ದಾರಿಯನ್ನು ಮರೆಮಾಚದೆ ಹೇಳಿದ. 1970ರ ಮೇ 6ರಂದು ಮಾಚೆರಾತಾ ಊರಿನಲ್ಲಿ ತೀರಿಕೊಂಡ.

ಅದಕ್ಕೆ 20 ವರ್ಷ ಮೊದಲೇ, 1950ರ ಜೂನ್ 24ರಂದು, ಪೋಪ್ 12ನೆಯ ಪಯಸ್ ಮರಿಯಾಳನ್ನು ಸಂತಳೆಂದು ಸಾರಿದ್ದರು. ವೃದ್ಧೆ ಅಸ್ಸುಂತಾ ಆ ಸಮಾರಂಭವನ್ನು ಕಣ್ಣಾರೆ ಕಂಡಳು. ಶೀಲಕ್ಕಾಗಿ ಪ್ರಾಣ ತೆತ್ತವಳೆಂದೇ ಜನ ಆಕೆಯನ್ನು ಹೆಚ್ಚಾಗಿ ಕೊಂಡಾಡುತ್ತಾರೆ. ಆದರೆ ವಿಮೋಚನೆಯ ಮರ್ಮ ಅಡಗಿರುವುದು ಆಕೆ ಇತ್ತ ಕ್ಷಮೆಯಲ್ಲಿ. ಅನ್ಯಾಯ ಅಲ್ಪವೆಂದು ಆಕೆ ಹೇಳಲಿಲ್ಲ. ಅನ್ಯಾಯ ಮಾಡಿದವನು ಅದಕ್ಕಿಂತ ಮಿಗಿಲಾದವನಾಗಬಲ್ಲನೆಂದು ನಂಬಿದಳು.

ಪ್ರತಿದಿನದ ಲೆಕ್ಕ

ಎಲ್ಲರ ಬಾಳಿನಲ್ಲಿಯೂ ಇಂತಹ ಘೋರ ಘಟನೆಗಳು ನಡೆಯುವುದಿಲ್ಲ. ಸಾಮಾನ್ಯ ಕಥೋಲಿಕ ಗೃಹಸ್ಥನ ಪಾಪಗಳು ಸಣ್ಣವು: ಕಚೇರಿಯಲ್ಲಿ ಆಡಿದ ಸುಳ್ಳು, ಒಡಹುಟ್ಟಿದವನೊಡನೆ ಬಿಟ್ಟ ಮಾತು, ಅತ್ತೆ ಸೊಸೆಯರ ನಡುವಿನ ಕಹಿ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂಬ ನಿಯಮ 1215ರಿಂದಲೂ ಇದೆ. ಕೇಳಿದುದನ್ನು ಪಾದ್ರಿ ಯಾರಿಗೂ ಹೊರಗೆಡಹುವಂತಿಲ್ಲ. ಒಂದೆರಡು ಪ್ರಾರ್ಥನೆಗಳನ್ನು ಪ್ರಾಯಶ್ಚಿತ್ತವಾಗಿ ವಿಧಿಸಿ ಕಳುಹಿಸುತ್ತಾನೆ. ಆದರೆ ಮಾತು ಬಿಟ್ಟ ತಮ್ಮನ ಮನೆಗೆ ಹೋಗಿ ಬಾಗಿಲು ತಟ್ಟುವ ಕೆಲಸ ಮಾತ್ರ ಅಣ್ಣನದೇ.

ಕೊರಿನಾಲ್ಡೊದ ದೇವಾಲಯದಲ್ಲಿ ಇಂದು ಎರಡು ಸಮಾಧಿಗಳಿವೆ. ಒಂದು ಅಸ್ಸುಂತಾಳದು, ಇನ್ನೊಂದು ಅಲೆಸ್ಸಾಂದ್ರೊನದು. ಮಗಳನ್ನು ಕಳೆದುಕೊಂಡವಳೂ ಕೊಂದವನೂ ಒಂದೇ ಸೂರಿನಡಿಯಲ್ಲಿ ಮಲಗಿದ್ದಾರೆ.